ಪೆಟ್ರೋಲ್ ಕುಡಿಯದ ಕಾರು

ಇದನ್ನು ಕಟ್ಟುಕತೆ ಎನ್ನುವವರು ಎನ್ನಲಿ, ನಾನು ವಾದಕ್ಕೆ ಬರುವುದಿಲ್ಲ. ದಿಲ್ಲಿಯ ಆರ್.ಕೆ.ಪುರಂನ ಆ ತಗಡಿನ ಶೆಡ್ಡಿನಲ್ಲಿ ನಾನು ಈ ಕೈಗಳಿಂದಲೇ ಅದನ್ನು ಮುಟ್ಟಿದ್ದೇನೆ, ಈ ಮೂಗಿನಿಂದಲೇ ಮೂಸಿದ್ದೇನೆ. ನೆನೆದರೆ ಹೆದರಿಕೆ ಆಮೇಲಿನ ಮಾತು... ಮೊದಲು ಬರುವುದು ಹೇಸಿಗೆ.

ನನ್ನ ಹೆಸರು ಶೈಲಜಾ. ಊರು ತುಮಕೂರಿನ ಕಡೆ. ದಿಲ್ಲಿ ಹತ್ತಿರದ ಮಾನೇಸರದ ಒಂದು ಲ್ಯಾಬಿನಲ್ಲಿ ಎಂಜಿನಿಯರ್. ಕಾರಿನ ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಹೋಗಬೇಕು, ಯಾವ ಗಳಿಗೆಯಲ್ಲಿ ಹೋಗಬೇಕು ಎಂದು ಪರೀಕ್ಷಿಸಿ ಸರಿಮಾಡುವುದೇ ನನ್ನ ಕೆಲಸ. ವಸಂತ್ ಕುಂಜ್‌ನಲ್ಲಿ ಇಬ್ಬರು ಗೆಳತಿಯರ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೇನೆ. ಗ್ರೀಸು, ಸುಟ್ಟ ಆಯಿಲ್, ಹೊಗೆ ಯಾವುದಕ್ಕೂ ಮೂಗು ಮುರಿದವಳಲ್ಲ. ಎಂಜಿನ್ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಮೊಸರನ್ನ ತಿಂದವಳು.

ಗಿರಿಯಣ್ಣ ನನ್ನ ದೊಡ್ಡಮ್ಮನ ಮಗ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ಅವನೂ ಸುಧಾ ಅತ್ತಿಗೆಯೂ ಆರ್.ಕೆ.ಪುರಂನ ಕ್ವಾರ್ಟರ್ಸ್‌ನಲ್ಲಿದ್ದಾರೆ. ಮಕ್ಕಳಿಲ್ಲ. ದಿಲ್ಲಿಯಲ್ಲಿ ಸಾರಿನ ಒಗ್ಗರಣೆಯ ವಾಸನೆ ಬೇಕು ಅನಿಸಿದಾಗ ನಾನು ಹೋಗುತ್ತಿದ್ದುದು ಅಲ್ಲಿಗೇ. ಆ ವರ್ಷ ಆಫೀಸಿನ ಕೆಲಸದ ಮೇಲೆ ಕೆಲವು ತಿಂಗಳು ಚೆನ್ನೈನಲ್ಲಿದ್ದೆ. ವಾಪಸ್ ಬಂದ ವಾರವೇ ಅತ್ತಿಗೆಯ ಫೋನ್ ಬಂತು.

"ಶೈಲೂ, ಭಾನುವಾರ ಬಾರೇ. ನಾನು ಚೆನ್ನೈಗೆ ಹೋದ್ಮೇಲೆ ನಿಮ್ಮಣ್ಣ ಒಂದು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡ್ರು ಅಂದಿದ್ದೆನಲ್ಲ..."

"ಚೆನ್ನೈಗೆ ಹೋಗಿದ್ದು ನಾನು ಅತ್ತಿಗೆ."

"ಅಯ್ಯೋ, ನೀನು ಹೋದ್ಮೇಲೆ. ತಲೆನೇ ಓಡ್ತಿಲ್ಲ ನೋಡು." ಅವರ ದನಿ ತಗ್ಗಿತು. "ಆ ಕಾರಿಂದ ಒಂಥರಾ ವಾಸನೆ ಬರತ್ತೆ. ಇವರ ಅಂಗಿ ಎಷ್ಟು ಸಲ ಒಗೆದ್ರೂ ಹೋಗಲ್ಲ. ಮೆಕ್ಯಾನಿಕ್ ಭಯ್ಯಾ ನೋಡ್ದ, 'ಕುಛ್ ನಹೀ ಹೈ ಭಾಭೀಜಿ', ಏನೂ ಇಲ್ಲ ಅಂದ. ನೀನೊಂದ್ಸಲ ನೋಡಿಬಿಡು."

ಆ ಭಾನುವಾರ ದಿಲ್ಲಿಯ ಜನವರಿ ಮಂಜು. ಸಂಜೆಯಾಗುವ ಮೊದಲೇ ಕತ್ತಲು. ಆಟೋದವನು ಮುಖ ಹೊರಗೆ ಚಾಚಿ ರಸ್ತೆ ಹುಡುಕಿಕೊಂಡು ಬಂದ. ಬ್ಯಾಗಿನಲ್ಲಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್, ಹಣೆಗೆ ಕಟ್ಟುವ ಟಾರ್ಚು, ನಾಲ್ಕು ಸ್ಪ್ಯಾನರ್, ಇಕ್ಕಳ, ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೆ.

ಬಾಗಿಲು ತೆರೆದ ಮನುಷ್ಯನ ಗುರುತು ನನಗೆ ಹತ್ತಲಿಲ್ಲ.

ಗಿರಿಯಣ್ಣ ಗುಂಡಗಿದ್ದವನು. ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು. ನನ್ನೆದುರು ನಿಂತವನ ಅಂಗಿ ಹ್ಯಾಂಗರಿಗೆ ನೇತುಹಾಕಿದ ಹಾಗಿತ್ತು. ಕೆನ್ನೆ ಒಳಕ್ಕೆ ಹೋಗಿ ಹಲ್ಲು ಮುಂದೆ ಬಂದಿತ್ತು. ಕತ್ತಿನ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು.

"ಅಣ್ಣಾ... ಏನಾಯ್ತೋ ನಿಂಗೆ?"

"ಏನಾಗತ್ತೆ? ಸ್ಲಿಮ್ ಆಗಿದ್ದೀನಿ, ಅಷ್ಟೇ. ಆಜಾ ಆಜಾ, ಒಳಗೆ ಬಾ" ಎಂದು ನಕ್ಕ. ಅವನು ಹತ್ತಿರ ಬಂದಾಗ ಆ ವಾಸನೆ ಮೊದಲ ಸಲ ಬಂತು. ತಿಂಗಳುಗಟ್ಟಲೆ ಮುಚ್ಚಿಟ್ಟ ತುಪ್ಪದ ಪಾತ್ರೆ ತೆರೆದಂತೆ... ಅದರ ಅಡಿಯಲ್ಲಿ ಗಾಯದ ಪಟ್ಟಿ ಬಿಚ್ಚಿದಾಗ ಬರುವಂಥ ಇನ್ನೊಂದು ವಾಸನೆ.

ಊಟಕ್ಕೆ ಬೇಗನೆ ಕೂತೆವು. ಅತ್ತಿಗೆ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ಗಿರಿಯಣ್ಣ ಒಂದರ ಮೇಲೊಂದು ಮುದ್ದೆ ನುಂಗುತ್ತಲೇ ಇದ್ದ. ಪ್ರತಿ ಸಲವೂ "ತುಪ್ಪ ಹಾಕು" ಅನ್ನುತ್ತಿದ್ದ. ತುಪ್ಪ ಅವನ ಗಲ್ಲದಿಂದ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ನಾನು ನನ್ನ ತಟ್ಟೆ ನೋಡಿಕೊಂಡು ಕೂತೆ.

ಅಡುಗೆಮನೆಯಲ್ಲಿ ಅತ್ತಿಗೆ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದರು. "ಶುಗರ್, ಥೈರಾಯ್ಡ್, ಟಿ.ಬಿ., ಎಲ್ಲಾ ಟೆಸ್ಟ್ ಆಯ್ತು. ಎಲ್ಲಾ ನಾರ್ಮಲ್ ಅಂತಾರೆ. ಇಷ್ಟು ತಿಂತಾರೆ, ಎಲ್ಲಿಗೆ ಹೋಗತ್ತೆ ಶೈಲೂ ಅದೆಲ್ಲ?"

ನಾನು ಕೈ ಒರೆಸಿಕೊಂಡು ಹೊರಗೆ ಬಂದೆ.

ಕಾರಿನ ಮಾತೆತ್ತಿದ್ದೇ ಗಿರಿಯಣ್ಣನ ಕಣ್ಣು ಅರಳಿತು. "ವಾಸನೆ ಗೀಸನೆ ಬಿಡು. ಮೈಲೇಜ್ ಕೇಳು! ದೀಪಾವಳಿಗೆ ಮುಂಚೆ ಪೆಟ್ರೋಲ್ ಹಾಕ್ಸಿದ್ದು. ಇನ್ನೂ ಓಡ್ತಾ ಇದೆ."

"ಮನೇಲೇ ನಿಲ್ಸಿದ್ರೆ ಎಲ್ಲಾ ಕಾರೂ ಹಾಗೇ ಅಣ್ಣ."

"ನಿಲ್ಸೋದೆಲ್ಲಿ ಬಂತು? ಆಫೀಸಿಗೆ ದಿನಾ ಹೋಗ್ತೀನಿ. ಸಂಜೆ ಒಂದು ಸುತ್ತು ಬೇರೆ. ಗುರುಗ್ರಾಮ, ಒಂದೊಂದ್ಸಲ ಫರಿದಾಬಾದ್ ತನಕ. ಕೆಲಸ ಏನಿಲ್ಲ, ಸುಮ್ನೆ. ಒಳಗೆ ಕೂತು ಓಡಿಸ್ತಿದ್ರೆ ಒಂಥರಾ ಹಿತ ಕಣೆ... ಯಾರೋ ಮೈ ಒತ್ತಿದ ಹಾಗೆ."

ಅತ್ತಿಗೆ ಮುಖ ಬೇರೆ ಕಡೆ ತಿರುಗಿಸಿದರು.

ಶೆಡ್ಡು ಕ್ವಾರ್ಟರ್ಸ್‌ನ ಹಿಂದಿತ್ತು. ಒಂದು ಮಂದ ಬಲ್ಬು. ಬಿಳಿ ಬಣ್ಣದ ಸಾಧಾರಣ ಪೆಟ್ರೋಲ್ ಕಾರು, ದಿಲ್ಲಿಯ ಯಾವ ಬೀದಿಯಲ್ಲಾದರೂ ಕಾಣುವಂಥದ್ದು. ಶೆಡ್ಡಿನ ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ಎಂಜಿನ್ ಚಾಲೂ ಮಾಡುವಾಗ ಹೊಗೆ ಒಳಗೆ ತುಂಬಬಾರದು. ಇದನ್ನು ಬರೆಯಲು ಕಾರಣವಿದೆ, ಮುಂದೆ ಹೇಳುತ್ತೇನೆ.

ಬಾನೆಟ್ ಎತ್ತಿದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕಾರು ಬೆಳಗ್ಗೆಯಿಂದ ನಿಂತೇ ಇತ್ತು. ಆ ಚಳಿಗೆ ಎಂಜಿನ್ ಕಲ್ಲಿನ ಹಾಗೆ ತಣ್ಣಗಿರಬೇಕಿತ್ತು. ಕೈಯಿಟ್ಟೆ... ಬೆಚ್ಚಗಿತ್ತು. ಜ್ವರ ಬಂದವರ ಹಣೆಯ ಹಾಗೆ.

ಗಿರಿಯಣ್ಣನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ, "ಸ್ಟಾರ್ಟ್ ಮಾಡು" ಎಂದೆ. ಕೀ ಪೂರ್ತಿ ತಿರುಗುವ ಮುನ್ನವೇ ಎಂಜಿನ್ ಎದ್ದಿತು. ನಡುಕವಿಲ್ಲ, ಕೆಮ್ಮಿಲ್ಲ.

ಸ್ಕ್ಯಾನರ್ ನೋಡಿ ನನಗೆ ಕುತೂಹಲ ಹುಟ್ಟಿತು. ಕಾರಿನ ಕಂಪ್ಯೂಟರ್ ಎಂಜಿನ್ನಿನ ಹಸಿವು ನೋಡಿ ಬಡಿಸುತ್ತದೆ. ಪೆಟ್ರೋಲ್ ಕಡಿಮೆ ಅನಿಸಿದರೆ ಹೆಚ್ಚು ಬಿಡುತ್ತದೆ, ಜಾಸ್ತಿಯಾದರೆ ತಡೆಯುತ್ತದೆ. ಇಲ್ಲಿ ಅದು ತಡೆಯಬಹುದಾದಷ್ಟೂ ತಡೆದುಬಿಟ್ಟಿತ್ತು. ಎಂಜಿನ್ನಿಗೆ ಬೇರೆ ಎಲ್ಲಿಂದಲೋ ಆಹಾರ ಬರುತ್ತಿದೆ ಎಂದು ಅದರರ್ಥ. ಹೀಗಾಗುವುದು ಅಪರೂಪವಲ್ಲ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿದ್ದರೆ ಹೀಗೇ ಆಗುತ್ತದೆ. ಟ್ಯಾಂಕಿನ ಆವಿಯನ್ನು ಒಳಗೆ ಒಯ್ಯುವ ಪೈಪಿನ ವಾಲ್ವ್ ಮುಚ್ಚದಿದ್ದರೂ ಆಗುತ್ತದೆ.

ಆ ಪೈಪನ್ನು ಇಕ್ಕಳದಿಂದ ಬಿಗಿಯಾಗಿ ಅದುಮಿದೆ. ಸ್ಕ್ಯಾನರಿನ ಅಂಕಿ ಕದಲಲಿಲ್ಲ.

ಸರಿ, ಇಂಜೆಕ್ಟರ್ ಇರಬೇಕು. ನಾಲ್ಕು ಸಿಲಿಂಡರಿಗೆ ನಾಲ್ಕು, ಬೆರಳುದ್ದದ ನಳಿಕೆಗಳು. ಚೆನ್ನಾಗಿದ್ದರೆ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತವೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮೊದಲನೆಯದರ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿದೆ.

ಚಪ್... ಚಪ್... ಚಪ್...

ಬಾಯಿ ತೆರೆದು ಅಗಿಯುವವರ ಸದ್ದು. ಒದ್ದೆ ಸದ್ದು. ಎರಡನೆಯದಕ್ಕಿಟ್ಟೆ, ಅಲ್ಲೂ ಅದೇ. ಕಿವಿಯೊಳಗೆ ಎಂಜಲು ತಾಗಿದ ಹಾಗಾಗಿ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕಿವಿ ಒರೆಸಿಕೊಂಡೆ.

"ಏನಾಯ್ತೇ?" ಗಿರಿಯಣ್ಣ ಕೇಳಿದ. ದನಿ ನಿದ್ದೆಗಣ್ಣಿನವರದಂತಿತ್ತು.

"ಏನಿಲ್ಲ. ಇಂಜೆಕ್ಟರ್ ವೈರ್ ಒಂದೊಂದಾಗಿ ಕೀಳ್ತೀನಿ. ಎಂಜಿನ್ ಅಲ್ಲಾಡತ್ತೆ, ಗಾಬರಿ ಆಗ್ಬೇಡ."

ಮೊದಲನೆಯದನ್ನು ಕಿತ್ತೆ. ಒಂದು ಸಿಲಿಂಡರ್ ಸುಮ್ಮನಾಗಿ ಎಂಜಿನ್ ಕುಂಟಬೇಕು. ಕುಂಟಲಿಲ್ಲ. ಎರಡನೆಯದನ್ನು ಕಿತ್ತೆ. ಮೂರನೆಯದು... ನಾಲ್ಕನೆಯದು. ಈಗ ಎಂಜಿನ್ನಿಗೆ ಒಂದು ಹನಿ ಪೆಟ್ರೋಲ್ ಹೋಗುವ ದಾರಿಯಿಲ್ಲ.

ಅದು ಓಡುತ್ತಲೇ ಇತ್ತು. ಇನ್ನಷ್ಟು ನಯವಾಗಿ.

ಟ್ಯಾಂಕಿನ ಪಂಪಿಗೆ ಕರೆಂಟು ಕೊಡುವ ರಿಲೇ ಕಿತ್ತು ಜೇಬಿಗೆ ಹಾಕಿಕೊಂಡೆ. ಆಯಿಲ್ ಸುಡುತ್ತಿದೆಯೇನೋ ಎಂದು ಅಳತೆಯ ಕಡ್ಡಿ ಎಳೆದು ನೋಡಿದೆ, ಮಟ್ಟ ಸರಿಯಾಗಿತ್ತು.

"ಅಣ್ಣಾ, ಕೀ ಆಫ್ ಮಾಡು."

"ಮಾಡ್ದೆ."

"ಇಲ್ಲ, ಓಡ್ತಿದೆ. ಆಫ್ ಮಾಡು!"

ಅವನು ಕಿಟಕಿಯಿಂದ ಕೈ ಹೊರಗೆ ಚಾಚಿದ. ಕೀ ಅವನ ಅಂಗೈಯಲ್ಲಿತ್ತು. ಮೀಟರುಗಳ ದೀಪ ಎಲ್ಲಾ ಆರಿತ್ತು. ಎಂಜಿನ್ ಮಾತ್ರ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.

ಆಗಲೇ ಹಿಂದಿನಿಂದ ಬಿಳಿ ಹೊಗೆ ನೆಲ ಹಿಡಿದು ಬಂತು. ಒಳ್ಳೆಯ ಕೊಬ್ಬಿನ ಮಟನ್ನನ್ನು ಬಾಣಲೆಯಲ್ಲಿ ಹುರಿಯುವಾಗ ಬರುತ್ತದಲ್ಲ, ಆ ಘಮ. ಒಂದು ಕ್ಷಣ ನನ್ನ ಬಾಯಲ್ಲಿ ನೀರೂರಿತು. ನಿಜವಾಗಿ ಊರಿತು, ನಾನು ಅದನ್ನು ನುಂಗಿಕೊಂಡೆ. ಆ ರಾತ್ರಿಯದ್ದೆಲ್ಲ ಒಂದು ಕಡೆ, ಇದೊಂದು ಕಡೆ. ಇವತ್ತಿಗೂ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯ.

ಯಾಕೆಂದರೆ ಮರುಕ್ಷಣ ನಾನು ಗಿರಿಯಣ್ಣನನ್ನು ನೋಡಿದೆ.

ತಲೆ ಹಿಂದಕ್ಕೆ ವಾಲಿತ್ತು. ಬಾಯಿ ಅರೆತೆರೆದು ಮುಗುಳ್ನಗು. ಆ ಕೊರೆಯುವ ಚಳಿಯಲ್ಲಿ ಹಣೆಯ ತುಂಬ ಬೆವರು, ಹನಿಗಳು ಹಳದಿ, ಮಂದ. ಎಂಜಿನ್ನಿನ ಸದ್ದು ಏರಿದಾಗಲೆಲ್ಲ ಅವನ ಕೆನ್ನೆ ಒಳಕ್ಕೆ ಕುಸಿಯುತ್ತಿತ್ತು.

"ಅತ್ತಿಗೇ!"

ಅವರು ಶಾಲು ಹಿಡಿದು ಆಗಲೇ ಬರುತ್ತಿದ್ದರು. ಇಬ್ಬರೂ ಸೇರಿ ಅವನ ತೋಳು ಹಿಡಿದೆಳೆದೆವು. ಬೆನ್ನು ಸೀಟಿಗೆ ಅಂಟಿತ್ತು. ಗಾಯಕ್ಕೆ ಹಾಕಿದ ಪ್ಲಾಸ್ಟರ್ ಕಿತ್ತ ಹಾಗೆ ಜರ್ರನೆ ಬಿಟ್ಟುಕೊಂಡಿತು.

"ಬಿಡ್ರೇ..." ಅವನು ಗೊಣಗಿದ. "ಇನ್ನೊಂದ್ಸ್ವಲ್ಪ ಇದೆ... ಮುಗೀಲಿ..."

"ಏಳ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಏಳ್ರೀ!" ಅತ್ತಿಗೆ ಅಳುತ್ತಲೇ ಅವನನ್ನು ಹೊರಗೆ ಕೆಡವಿಕೊಂಡರು.

ಅವನ ಮೈ ಕಾರಿನಿಂದ ಪೂರ್ತಿ ಆಚೆ ಬಂದ ಕೂಡಲೇ ಎಂಜಿನ್ ನಿಂತಿತು. ಬಾಯಿಂದ ತುತ್ತು ಕಿತ್ತುಕೊಂಡಂತೆ, ಥಟ್ಟನೆ.

ಸೀಟಿನ ಮೇಲೆ ಮನುಷ್ಯನ ಆಕಾರದ ಎಣ್ಣೆಕಲೆ. ಭುಜ, ಬೆನ್ನು, ತೊಡೆ ಎಲ್ಲ ಸ್ಪಷ್ಟ. ಅಣ್ಣನ ಅಂಗಿಯ ಬೆನ್ನು ಜಿಡ್ಡಿನಿಂದ ತೊಯ್ದಿತ್ತು. ಅತ್ತಿಗೆ ಶಾಲಿನಿಂದ ಒರೆಸಿದರು, ಶಾಲನ್ನು ಮೂಸಿದರು, ಹಾಗೇ ಗೋಡೆ ಹಿಡಿದು ವಾಂತಿ ಮಾಡಿದರು.

ಅವನನ್ನು ಮನೆಗೆ ಕರೆದೊಯ್ದು ಬಿಸಿನೀರು ಹಾಕಿ ಮಲಗಿಸಿದೆವು. ಮಲಗಿದ ಗಳಿಗೆಯಲ್ಲೇ ನಿದ್ದೆ ಹೋದ. ನಾನು ಮತ್ತೆ ಶೆಡ್ಡಿಗೆ ಹೊರಟಾಗ ಅತ್ತಿಗೆ ಕೈ ಹಿಡಿದರು. "ಹೋಗ್ಬೇಡ ಕಣೇ."

"ಇವನು ಬೆಳಗ್ಗೆ ಎದ್ದು ಮತ್ತೆ ಹೋಗಿ ಕೂತ್ರೆ ಏನ್ಮಾಡ್ತೀರಿ ಅತ್ತಿಗೆ? ಓಡದ ಹಾಗೆ ಮಾಡಿ ಬರ್ತೀನಿ."

ಮೂಗಿಗೆ ದುಪಟ್ಟಾ ಬಿಗಿದುಕೊಂಡೆ. ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿದೆ. ಆಮೇಲೆ ಗಾಳಿ ಒಳಹೋಗುವ ಡಬ್ಬಿಯ ಮುಚ್ಚಳ ತೆಗೆದೆ. ಅಲ್ಲಿ ಧೂಳು ಹಿಡಿದ ಫಿಲ್ಟರ್ ಇರಬೇಕು. ಫಿಲ್ಟರಿನ ಮಡಿಕೆಗಳ ತುಂಬ ಹಳದಿ ಕೊಬ್ಬು ಮೆತ್ತಿಕೊಂಡಿತ್ತು, ಗಟ್ಟಿ ಬೆಣ್ಣೆಯ ಹಾಗೆ. ಬೆರಳು ಜಾರಿ ಒಳಗೆ ಹೂತಿತು. ಒಳಗೆ ಬೆಚ್ಚಗಿತ್ತು. ಕೊಬ್ಬಿನಲ್ಲಿ ಸಣ್ಣ ಸಣ್ಣ ಕೂದಲು ಸಿಕ್ಕಿಕೊಂಡಿದ್ದವು, ಗಂಡಸರ ಕೈಮೇಲಿರುವಂಥವು.

ಇಂಜೆಕ್ಟರುಗಳನ್ನು ಎಳೆಯುವಾಗ ಕಣ್ಣು ಮುಚ್ಚಿಕೊಂಡೆ. ಪ್ರತಿಯೊಂದೂ ಪಚ್ ಎಂದು, ಚೀಪುತ್ತಿದ್ದ ಬಾಯಿಂದ ಬಿಡಿಸಿದ ಹಾಗೆ ಹೊರಬಂತು. ತುದಿಗಳಿಗೆ ಕಾಯಿಸಿದ ಹಾಲಿನ ಕೆನೆಯಂಥ ತೆಳು ಪೊರೆ. ಒರೆಸದೆ ನಾಲ್ಕನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದೆ. ಎಂಜಿನ್ನಿನಲ್ಲಿ ಈಗ ಉಳಿದಿದ್ದು ನಾಲ್ಕು ಖಾಲಿ ತೂತು.

ಟಾರ್ಚ್ ತೆಗೆದು ಹೊರಡಲು ತಿರುಗಿದಾಗ ಬೆನ್ನ ಹಿಂದೆ ಕೇಳಿಸಿತು.

ಚಪ್... ಚಪ್...

ಬಾನೆಟ್ ಮುಚ್ಚಿದೆನೋ ಇಲ್ಲವೋ ನೆನಪಿಲ್ಲ. ಓಡಿದೆ.

ಮಾರನೆಯ ದಿನ ಅತ್ತಿಗೆಯೇ ಗುಜರಿಯವರಿಗೆ ಹೇಳಿಸಿದರು. ಕಾರು ಎಳೆದೊಯ್ಯುವ ಲಾರಿ ತಂದವನು ಹರಿಯಾಣದ ಕಡೆಯ ದಢೂತಿ ಆಳು, ಸೋನು ಅಂತ. ಬಾಯ್ತುಂಬ ನಗು, ಸ್ವೆಟರ್ ಬಿರಿಯುವ ಹೊಟ್ಟೆ. ಗಿರಿಯಣ್ಣನನ್ನು ಒಳಗೆ ಕೂಡಿ ಬಾಗಿಲಿಗೆ ಚಿಲಕ ಹಾಕಿದ್ದೆವು. ಅವನು ಕಿಟಕಿಯ ಸರಳು ಹಿಡಿದು ಸದ್ದಿಲ್ಲದೆ ಅಳುತ್ತಿದ್ದ. ದೊಡ್ಡಪ್ಪ ಸತ್ತಾಗಲೂ ಅವನು ಹಾಗೆ ಅತ್ತಿದ್ದು ನಾನು ಕಂಡಿರಲಿಲ್ಲ.

"ಭಯ್ಯಾ, ಲಾರಿ ಮೇಲೆ ಹಾಕ್ಕೊಂಡೇ ಹೋಗಿ. ಒಳಗೆ ಕೂರಬೇಡಿ. ಇದಕ್ಕೆ ಇಂಜೆಕ್ಟರೇ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದೆ.

"ಠೀಕ್ ಹೈ ಮೇಡಂ" ಎಂದು ಕೀಯನ್ನೂ ನನ್ನ ನಂಬರನ್ನೂ ತೆಗೆದುಕೊಂಡು ಹೋದ.

ಆ ಸಂಜೆ ನಾನು ವಸಂತ್ ಕುಂಜ್‌ನ ನನ್ನ ಕೋಣೆಯಲ್ಲಿದ್ದೆ. ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿತ್ತು. ಫೋನ್ ಬಂತು.

"ಮೇಡಂ, ಸೋನು. ನನ್ನ ಲಾರಿ ದಾರೀಲಿ ಕೈಕೊಡ್ತು. ಹಾಗೇ ಸುಮ್ನೆ ನಿಮ್ಮ ಗಾಡಿ ಕೀ ತಿರುಗಿಸಿ ನೋಡ್ದೆ. ಅರೇ, ಬೆಣ್ಣೆ ಹಾಗೆ ಓಡ್ತಿದೆ! ಮನೆ ಕಡೆ ಹೊರಟಿದ್ದೀನಿ. ಇಂಥ ಗಾಡೀನ ಯಾಕೆ ಗುಜರಿಗೆ ಹಾಕಿದ್ರಿ?"

ನಾನು ಚೀಲವನ್ನು ನೋಡಿದೆ. ಗಂಟು ಬಿಚ್ಚಿ ಎಣಿಸಿದೆ. ನಾಲ್ಕೂ ಅಲ್ಲೇ ಇದ್ದವು.

"ಭಯ್ಯಾ, ಇಳೀರಿ! ಈಗಲೇ ಇಳೀರಿ! ಆ ಗಾಡೀಲಿ..."

"ಬಹುತ್ ಆರಾಮ್ ಹೈ ಮೇಡಂ, ತುಂಬಾ ಹಿತವಾಗಿದೆ" ಅಂದ. ದನಿ ಆಗಲೇ ನಿದ್ದೆಗೆ ಜಾರುತ್ತಿತ್ತು. ಲೈನ್ ಹೋಯಿತು. ರಾತ್ರಿಯೆಲ್ಲ ಮಾಡಿದೆ, ಎತ್ತಲಿಲ್ಲ.

ಗುಜರಿಯವರನ್ನು ಕೇಳಿದರೆ, ಅವನು ಮರುದಿನ ಲಾರಿ ಒಪ್ಪಿಸಿ, ಕಾರನ್ನು ತಾನೇ ಕೊಂಡು ಕೆಲಸ ಬಿಟ್ಟ ಎಂದರು. ಅವರು ಕೊಟ್ಟ ವಿಳಾಸಕ್ಕೆ ಹೋದೆ, ಆ ಮನೆ ಬಿಟ್ಟು ಬಹಳ ಕಾಲವಾಗಿತ್ತು. ಪೊಲೀಸರಿಗೂ ಹೇಳಿದೆ. "ಕಾರು ಕಳುವಾಗಿದೆಯಾ?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದರು.

ಲ್ಯಾಬಿನ ಗೆಳೆಯರ ಪ್ರಕಾರ ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತಲೆಗೇರಿ ನನಗೆ ಭ್ರಮೆಯಾಗಿತ್ತು. ಶೆಡ್ಡಿನ ಬಾಗಿಲು ತೆರೆದಿತ್ತು, ಅದಕ್ಕೇ ಮೊದಲೇ ಬರೆದೆ. ಇಂಜೆಕ್ಟರುಗಳನ್ನು ಬೆಂಚಿನ ಮೇಲೆ ಪರೀಕ್ಷಿಸಿದೆವು. ಪೊರೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ, ನಾಲ್ಕೂ ಹೊಸದರಂತಿದ್ದವು. ನೀಟಾಗಿ ಸಿಂಪಡಿಸಿದವು. ದೋಷ ಅವುಗಳಲ್ಲಿರಲಿಲ್ಲ.

ಗಿರಿಯಣ್ಣ ನಿಧಾನವಾಗಿ ಮೈ ತುಂಬಿಕೊಂಡ. ಈಗ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಾನೆ. ಕಾರಿನ ಸುದ್ದಿ ಎತ್ತಿದರೆ, "ಯಾವ ಕಾರು?" ಅನ್ನುತ್ತಾನೆ. ನಾಟಕವೋ ನಿಜವೋ ಅತ್ತಿಗೆಗೂ ಗೊತ್ತಾಗುವುದಿಲ್ಲ. ನಾನಂತೂ ಮಾಂಸ ಬಿಟ್ಟೆ, ತುಪ್ಪವನ್ನೂ ಬಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಬೇಸಿಗೆ ಶುರುವಾಗಿತ್ತು. ಒಂದು ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಸೋನುವಿನ ನಂಬರಿನಿಂದ ಫೋನ್. ಎತ್ತಿದರೆ ಹೆಂಗಸಿನ ದನಿ. ಹಿಂದೆ ಎಂಜಿನ್ ಗುರುಗುಟ್ಟುತ್ತಿತ್ತು.

"ದೀದೀ... ಇವರ ಫೋನಲ್ಲಿ ನಿಮ್ಮ ಹೆಸರು ಗಾಡಿವಾಲಿ ಮೇಡಂ ಅಂತ ಇದೆ. ನಾನು ಇವರ ಹೆಂಡತಿ. ಇವರು ಬೆಳಗ್ಗೆಯಿಂದ ಗಾಡಿಯೊಳಗೇ ಕೂತಿದ್ದಾರೆ. ಕರೆದ್ರೆ ನಗ್ತಾರೆ. ಕೀ ನನ್ನ ಕೈಯಲ್ಲೇ ಇದೆ ದೀದೀ... ಈ ಗಾಡಿ ಆಫ್ ಮಾಡೋದು ಹೇಗೆ?"

"ಅವರನ್ನ ಹೊರಗೆ ಎಳೀರಿ!" ನಾನು ಕಿರುಚಿದೆ. "ಗಾಡಿ ಬಿಡಿ, ಅವರನ್ನ ಎಳೀರಿ! ಯಾರನ್ನಾದ್ರೂ ಕೂಗಿ! ಎಲ್ಲಿದ್ದೀರಿ? ಜಾಗ ಹೇಳಿ!"

ಅವಳು ಏನೋ ಅಂದಳು. ಎಂಜಿನ್ನಿನ ಸದ್ದು ಏರಿ ಅವಳ ಮಾತನ್ನು ಮುಚ್ಚಿಬಿಟ್ಟಿತು. ಆಮೇಲೆ ಫೋನ್ ಸತ್ತಿತು.

ಆ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಅವಳು ಎಳೆದಳೋ... ಎಳೆಯಲು ತಾನೇ ಒಳಗೆ ಬಗ್ಗಿದಳೋ... ನನಗೆ ಗೊತ್ತಿಲ್ಲ.